ಅಕ್ಕನ ರಕ್ತ ಮತ್ತು ಸೂರ್ಯನ ಕಬ್ಬಿಣ

ವಿಜ್ಞಾನದ ಮೇಷ್ಟ್ರುಗಳಿಗೆ ಒಂದು ಚಟವಿದೆ. ಯಾರಾದರೂ "ಬಿಸಿಲು ಜೋರಪ್ಪಾ" ಅಂದರೆ ಬೇರೆಯವರು "ಹೌದು" ಎಂದು ಮುಂದೆ ಹೋಗುತ್ತಾರೆ. ನಾವು ಸೂರ್ಯನೊಳಕ್ಕೇ ಇಳಿದುಬಿಡುತ್ತೇವೆ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ಪಾಠ ಮಾಡುವ ನನಗಂತೂ ಇದು ವಿಪರೀತ. ಮದುವೆ ಊಟದಲ್ಲಿ ಪಕ್ಕದವರಿಗೆ, ಸೂರ್ಯನಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್, ಉಳಿದದ್ದರಲ್ಲಿ ಬಹುಪಾಲು ಹೀಲಿಯಂ ಎಂದು ವಿವರಿಸುವಷ್ಟರಲ್ಲಿ ಹೋಳಿಗೆ ಬಡಿಸುವವನು ನನ್ನೆಲೆ ದಾಟಿ ಹೋಗಿರುತ್ತಾನೆ. ಇಷ್ಟಾದರೂ ಬುದ್ಧಿ ಬಂದಿರಲಿಲ್ಲ.

ಬೈರಕೂರಿನಲ್ಲಿರುವ ನಮ್ಮಕ್ಕ ಟೊಮೆಟೊ ತೋಟದಲ್ಲಿ ತಲೆಸುತ್ತಿ ಬಿದ್ದಳು. ಡಾಕ್ಟರು ರಕ್ತ ನೋಡಿ, ಕಬ್ಬಿಣದ ಅಂಶ ತೀರಾ ಕಡಿಮೆಯಾಗಿದೆ, ಹೀಗೇ ಬಿಟ್ಟರೆ ಹೃದಯಕ್ಕೆ ತೊಂದರೆ ಎಂದು ಮಾತ್ರೆ ಕೊಟ್ಟರು. ಅಕ್ಕ ಒಂದು ನುಂಗಿ ಮುಖ ಕಿವುಚಿದಳು. "ತುಕ್ಕು ಹಿಡಿದ ಮೊಳೆ ನೆಕ್ಕಿದಂಗೆ ಆಗ್ತದೆ. ನಂಗೆ ಬೇಡ."

ಭಾವ ಗದರಿದರು, ಕೇಳಲಿಲ್ಲ. ಕೊನೆಗೆ ನನ್ನನ್ನು ಕರೆಸಿದರು. ನಾನು ಜಗಲಿಯ ಮೇಲೆ ಕೂತು ಉತ್ಸಾಹದಿಂದ ಶುರುಮಾಡಿದೆ. ನಮ್ಮ ರಕ್ತದ ಕಬ್ಬಿಣ ಭೂಮಿಯಲ್ಲಿ ಹುಟ್ಟಿದ್ದಲ್ಲ, ಸೂರ್ಯನಿಗಿಂತ ಮೊದಲೇ ಸತ್ತುಹೋದ ನಕ್ಷತ್ರಗಳಲ್ಲಿ ಹುಟ್ಟಿದ್ದು. ಅವುಗಳ ಬೂದಿಯಿಂದಲೇ ಸೂರ್ಯನೂ ಆದ, ನಾವೂ ಆದೆವು. ಸೂರ್ಯನಲ್ಲೂ ಒಂದಿಷ್ಟು ಕಬ್ಬಿಣ ಆವಿಯಾಗಿ ಇದೆ, ಬೆಳಕನ್ನು ಬಿಡಿಸಿ ನೋಡಿದರೆ ಅದರ ಗುರುತು ಕಾಣುತ್ತದೆ, ಎಂದೆಲ್ಲ ಹೇಳಿದೆ. ಅಕ್ಕ ಕೆನ್ನೆಗೆ ಕೈ ಹಚ್ಚಿ ಕೇಳಿದಳು. "ಅಬ್ಬಾ, ಆ ಸೂರ್ಯಪ್ಪನಿಗೂ ನಂಗೂ ಒಂದೇ ಕಬ್ಬಿಣವಾ?" ಎಂದಳು. ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ.

ಮುಂದಿನ ಭಾನುವಾರ ಹೋದರೆ ಅಕ್ಕ ಅಂಗಳದ ಬಿಸಿಲಿನಲ್ಲಿ ಚಾಪೆ ಹಾಸಿ, ಸೆರಗು ಸರಿಸಿ, ಸೂರ್ಯನಿಗೆ ಬೆನ್ನೊಡ್ಡಿ ಕೂತಿದ್ದಾಳೆ. ಮಾತ್ರೆಯ ಹಾಳೆ ಗೋಡೆಯ ಗೂಡಿನಲ್ಲಿ ಹಾಗೇ ಇದೆ.

"ಏನಕ್ಕಾ ಇದು?"

"ನೀನೇ ಹೇಳಿದ್ಯಲ್ಲೋ, ಅವನತ್ರ ಕಬ್ಬಿಣ ಐತೆ ಅಂತ. ದಿನಾ ಪುಕ್ಕಟೆ ಸುರೀತಾನೆ. ನುಂಗೋದ್ಯಾಕೆ?"

"ಅಯ್ಯೋ, ಬೆಳಕು ಬರ್ತದೆ, ಕಬ್ಬಿಣ ಬರಲ್ಲ ಅಕ್ಕಾ!"

"ಏಮಿರಾ ಇದಿ?" ಸಿಟ್ಟು ಬಂದರೆ ಅಕ್ಕನ ಬಾಯಲ್ಲಿ ತೆಲುಗು ಬರುತ್ತದೆ. "ಹೋದ ವಾರ ಒಂದು ಹೇಳ್ತೀಯ, ಈ ವಾರ ಒಂದು ಹೇಳ್ತೀಯ," ಎಂದು ಏಳಹೋದವಳು ಗೋಡೆ ಹಿಡಿದುಕೊಂಡಳು. ತುಟಿ ಬೆಳ್ಳಗಾಗಿತ್ತು. ಏದುಸಿರು. ಹಿಡಿದು ಕೂರಿಸಿದೆ. ನನ್ನ ಕೈಯಲ್ಲಿ ಅವಳ ಬೆರಳು ತಣ್ಣಗಿತ್ತು, ಅಷ್ಟು ಹೊತ್ತು ಬಿಸಿಲಿನಲ್ಲಿದ್ದರೂ.

ಆಗ ನನಗೆ ಯಾವ ಧಾತುವಿನ ಹೆಸರೂ ನೆನಪಾಗಲಿಲ್ಲ. "ಅಕ್ಕಾ, ನಂಗೆ ಭಯ ಆಗ್ತಿದೆ. ನೀನಿಲ್ದಿದ್ರೆ ನಾನೇನು ಮಾಡ್ಲಿ? ನುಂಗಕ್ಕಾ," ಎಂದೆ. ಗೂಡಿನಿಂದ ಮಾತ್ರೆ ತಂದು ಮುಂದೆ ಹಿಡಿದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. ಕೈ ಚಾಚಿ ಮಾತ್ರೆ ಇಸಕೊಂಡು ನುಂಗಿ, ನೀರು ಕುಡಿದು ಹೇಳಿದಳು: "ಇಷ್ಟು ಹೇಳೋಕೆ ಆ ಸೂರ್ಯನ್ತನಕ ಯಾಕೋ ಹೋಗಿದ್ದೆ?"

ಕೆಲವು ತಿಂಗಳಲ್ಲಿ ಅವಳ ಮುಖಕ್ಕೆ ಬಣ್ಣ ಬಂತು. ಈಗ ತೋಟದಲ್ಲಿ ಕೂಲಿಯವರನ್ನು ಗದರುವ ದನಿ ರಸ್ತೆಗೆ ಕೇಳುತ್ತದೆ.

ಈ ಕತೆ ಕೇಳಿದ ನನ್ನ ಹೆಂಡತಿ, "ನಂಗೂ ಯಾವತ್ತಾದ್ರೂ ಮನಸ್ಸಿನಿಂದ ಒಂದು ಮಾತು ಹೇಳಿ ನೋಡೋಣ," ಎಂದಳು. ಹೇಳಲೇಬೇಕೆಂದು ಎದುರು ಕೂತು, ಉಸಿರು ಎಳೆದುಕೊಂಡು ಶುರುಮಾಡಿದೆ:

"ನಿನ್ನ ಕೊರಳಲ್ಲಿರೋ ಚಿನ್ನ ಎಲ್ಲಿಂದ ಬಂತು ಗೊತ್ತಾ?"

"ಗೊತ್ತು. ನಮ್ಮಪ್ಪ ಮಾಡಿಸಿಕೊಟ್ಟಿದ್ದು," ಎಂದು ಎದ್ದು ಒಳಗೆ ಹೋದಳು.