ಷರತ್ತಿಲ್ಲದ ಹುಡುಕಾಟ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಬಾಡಿಗೆ ಮನೆಯಲ್ಲಿರುವ ನಾನು ಮೊದಲನೆಯದನ್ನು ಮಾಡಿಲ್ಲ. ಎರಡನೆಯದನ್ನು ಊರವರಿಗೆಲ್ಲ ಮಾಡಿಸಿದ್ದೇನೆ, ನನಗೊಬ್ಬನಿಗೆ ಬಿಟ್ಟು. ಹೊನ್ನಾಳಿಯಲ್ಲಿ, ಬಸ್ ನಿಲ್ದಾಣದ ಹತ್ತಿರದ ಮಹಡಿಯೊಂದರಲ್ಲಿ ವಧೂವರರ ಮಾಹಿತಿ ಕೇಂದ್ರ ನಡೆಸುವ ನಾನು ನಲವತ್ತೇಳರ ಬ್ರಹ್ಮಚಾರಿ. ಇದನ್ನು ಬಂದವರಿಗೆ ಹೇಳುವುದಿಲ್ಲ. ಹಲ್ಲಿಲ್ಲದ ದಂತವೈದ್ಯನ ಮುಂದೆ ಯಾರು ಬಾಯಿ ತೆರೆಯುತ್ತಾರೆ? ಆದರೆ ನನ್ನ ಕಂಪ್ಯೂಟರಿನ ವರರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ.

ಆ ಕಂಪ್ಯೂಟರ್ ಈಚೆಗೆ ಆಮೆಯಾಗಿತ್ತು. ವಯಸ್ಸು, ಓದು, ಊರು ತುಂಬಿ ಗುಂಡಿ ಒತ್ತಿದರೆ ತೆರೆಯ ಮೇಲೆ ಒಂದು ಚಕ್ರ ತಿರುಗತೊಡಗುವುದು. ಹೋದ ತಿಂಗಳು ಜಗಳೂರಿನಿಂದ ಹುಡುಗಿಯ ತಂದೆಯೊಬ್ಬರು ಬಂದರು. ಹೆಣ್ಣಿನ ಕಡೆಯವರೆಂದರೆ ಈಗ ನಮ್ಮ ದಂಧೆಯಲ್ಲಿ ದೇವರು. ಗಂಡುಗಳ ಫೋಟೊ ಕಪಾಟು ತುಂಬಿವೆ. ಹೆಣ್ಣಿನ ಫೋಟೊ ಒಂದು ಬಂದರೆ ನಾನು ಎದ್ದು ಕುರ್ಚಿ ಒರೆಸುತ್ತೇನೆ. ಇವರಿಗೂ ಒರೆಸಿ ಕೂರಿಸಿದೆ. ಬಿಸಿಲು, ಮೆಕ್ಕೆಜೋಳ, ಅವರ ಮೊಣಕಾಲು ನೋವು ಎಲ್ಲ ಮಾತಾಡಿ ಮುಗಿಸಿದೆವು. ಚಕ್ರ ಮಾತ್ರ ತಿರುಗುತ್ತಲೇ ಇತ್ತು.

"ಏನ್ರೀ, ಇದು ಹುಡುಗನ್ನ ಹುಡುಕ್ತೈತೋ, ಹೊಸದಾಗಿ ಹುಟ್ಟಿಸ್ತೈತೋ? ನಮ್ ಬಸ್ ಹೋಗ್ತೈತೆ" ಎಂದವರು ಮಗಳ ಫೋಟೊ ವಾಪಸು ಇಸಿದುಕೊಂಡು ಇಳಿದುಹೋದರು. ಹೀಗೆ ಇನ್ನು ನಾಲ್ಕು ಜನ ಎದ್ದು ಹೋದರೆ ಕೇಂದ್ರದ ಬಾಗಿಲು ಮುಚ್ಚಬೇಕು. ನನಗಿರುವ ಸಂಸಾರ ಅದೊಂದೇ. ನಿಜಕ್ಕೂ ಭಯವಾಯಿತು.

ಚನ್ನಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಪರ್ವೀನ್‌ಳನ್ನು ಕರೆಸಿದೆ. ಅರ್ಧ ಗಂಟೆ ತಡಕಾಡಿ ಅವಳು ನನ್ನತ್ತ ತಿರುಗಿದಳು.

"ಸರ್, ಯಂತ್ರ ಚೆನ್ನಾಗೈತೆ. ಆದ್ರೆ ಮೊದಲನೇ ಪುಟ ತೆರೆದಾಗೆಲ್ಲ ಒಂದು ಹುಡುಕಾಟ ತಾನೇ ಶುರುವಾಗ್ತೈತೆ. ಅದಕ್ಕೆ ಒಂದೂ ಷರತ್ತಿಲ್ಲ. ಹಂಗಾಗಿ ಪಾಪ, ಇಷ್ಟು ವರ್ಷದ ಎಲ್ಲಾ ಹುಡುಗೀರ ವಿವರಾನೂ ಮೊದಲಿಂದ ಕೊನೇತನಕ ಓದ್ತೈತೆ. ಉಳಿದೋರ ಹುಡುಕಾಟ ಅದರ ಹಿಂದೆ ಕಾಯ್ತಾ ಕೂತಿರ್ತೈತೆ. ಯಾರ್ದು ಸರ್ ಇದು?"

"ಯಾರೋ ಹಳೇ ಗಿರಾಕೀದು" ಎಂದೆ.

ನನ್ನದೇ. ಹೊಸ ಹುಡುಗಿಯ ಹೆಸರು ಸೇರಿದರೆ ಊರಿಗಿಂತ ಮೊದಲು ನನಗೆ ತಿಳಿಯಲಿ ಎಂದು ಕೇಂದ್ರ ತೆರೆದ ವರ್ಷ ಮಾಡಿಸಿಕೊಂಡ ಏರ್ಪಾಡು. ಆಗ ಷರತ್ತುಗಳಿಗೇನು ಬರ! ಪದವೀಧರೆಯಾಗಿರಬೇಕು, ಮೂವತ್ತು ದಾಟಿರಬಾರದು, ಹಾಡಲು ಬರಬೇಕು, ಹೊನ್ನಾಳಿ ನ್ಯಾಮತಿ ಬಿಟ್ಟು ಆಚೆಯವಳು ಬೇಡ. ಯಾರೂ ಸಿಗಲಿಲ್ಲ. ಒಂದು ಯುಗಾದಿಗೆ ಹಾಡು ಬಿಟ್ಟೆ, ಇನ್ನೊಂದಕ್ಕೆ ಪದವಿ. ಆಮೇಲೆ ಊರು, ವಯಸ್ಸು. ಜಾತಿಯ ಖಾನೆಯನ್ನು, ಜಾತಿ ಬಿಡಲೊಪ್ಪದ ನನ್ನ ಅಕ್ಕನಿಗೆ ಗೊತ್ತಾಗದಂತೆ ಅಳಿಸಿದೆ. ಕೊನೆಗೆ ಎಲ್ಲ ಖಾನೆಗಳೂ ಖಾಲಿ. ಇದನ್ನು ನಾನು ಮನಸ್ಸಿನ ದೊಡ್ಡತನ ಎಂದುಕೊಂಡಿದ್ದೆ. ಈಗೀಗ ಬಂದ ಪಟ್ಟಿಯನ್ನು ನೋಡುವ ಧೈರ್ಯವೂ ಇಲ್ಲದೆ ಹಾಗೇ ಮುಚ್ಚಿಬಿಡುತ್ತಿದ್ದೆ.

"ಒಂದಾದ್ರೂ ಷರತ್ತು ಹಾಕ್ರಿ ಸರ್. ಆ ಖಾನೆಗೆ ಇಂಡೆಕ್ಸ್ ಮಾಡಿಕೊಡ್ತೀನಿ. ಪುಸ್ತಕದಾಗೆ ಪುಟದ ನಂಬರ್ ನೋಡ್ಕಂಡು ಹೋದಂಗೆ, ಸೀದಾ ಅಲ್ಲಿಗೇ ಹೋಗ್ತೈತೆ."

ಏನು ಹಾಕಲಿ? ಹುಡುಗಿಯರ ಅರ್ಜಿಯಲ್ಲಿ 'ವರನ ವಯಸ್ಸು ಎಷ್ಟರವರೆಗೆ ಆಗಬಹುದು' ಎಂಬ ಖಾನೆಯೊಂದಿದೆ. ಬೇರೆಯವರಿಗಾಗಿ ದಿನವೂ ಬಳಸುವ ಅದನ್ನು ನನಗಾಗಿ ಒಮ್ಮೆಯೂ ಮುಟ್ಟಿರಲಿಲ್ಲ. ಹೆದರಿಕೆ, ಇನ್ನೇನು. ಅಲ್ಲಿ ನಲವತ್ತೇಳು ಎಂದು ತುಂಬಿದೆ. ಪರ್ವೀನ್ ತನ್ನ ಕೆಲಸ ಮುಗಿಸಿ, ಗುಂಡಿ ಒತ್ತುವುದನ್ನು ನನಗೇ ಬಿಟ್ಟಳು. ಒತ್ತಿದೆ. ಚಕ್ರ ತಿರುಗಲೇ ಇಲ್ಲ. ಬೆರಳೆತ್ತುವಷ್ಟರಲ್ಲಿ ಉತ್ತರ ಬಂದಿತ್ತು: ಯಾರೂ ಇಲ್ಲ.

"ನೋಡಿದ್ರಾ ಸರ್, ಎಷ್ಟು ಬೇಗ ಬಂತು!" ಪರ್ವೀನ್‌ಳ ಮುಖ ಅರಳಿತು. "ಆ ಗಿರಾಕಿಗೂ ಒಂದು ಫೋನ್ ಮಾಡಿ ಹೇಳಿಬಿಡ್ರಿ."

"ಅವನಿಗೆ ಗೊತ್ತಾಯ್ತಮ್ಮ" ಎಂದೆ.