ಹುಲ್ಲು ಮೇಷ್ಟ್ರು ತೋಡಿದ ಐದು ಕುಳಿಗಳು

ಎಲ್ಲ ಶುರುವಾದದ್ದು ಒಂದು ಫುಟ್‌ಬಾಲಿನಿಂದ. ಭಾನುವಾರ ಬೆಳಗಿನ ಐದು ಗಂಟೆಗೆ ಹುಲ್ಲು ಮೇಷ್ಟ್ರು ತಮ್ಮ ಸಾಮಾನು ಕೋಣೆಯ ಬಾಗಿಲು ತೆಗೆದಾಗ ಅದು ಅವರ ಕುರ್ಚಿಯ ಮೇಲೆ, ಹೇಳದೆ ಕೇಳದೆ ಬಂದ ನೆಂಟನ ಹಾಗೆ, ಆರಾಮವಾಗಿ ಕೂತಿತ್ತು. ಕೆಳಗೊಂದು ಚೀಟಿ. 'ನಾನು ಐದೂವರೆಗೆ ಬರ್ತೀನಿ. ಕೋಪ ಮಾಡ್ಕೋಬೇಡಿ. ಕಾರ್ಯದರ್ಶಿ.'

ಕೋಪ ಮಾಡಿಕೊಳ್ಳಬೇಡಿ ಎಂದು ಮೊದಲೇ ಬರೆದಿಟ್ಟರೆ ಎಂಥವರಿಗೂ ಕೋಪ ಬಂದೇ ಬರುತ್ತದೆ.

ಮೇಷ್ಟ್ರು ನಿಜಕ್ಕೂ ಮೇಷ್ಟ್ರಲ್ಲ. ಇಪ್ಪತ್ತಾರು ವರ್ಷಗಳಿಂದ ಒಂದು ಗಾಲ್ಫ್ ಕ್ಲಬ್ಬಿನ ಮೈದಾನದ ಹುಲ್ಲು ನೋಡಿಕೊಳ್ಳುವ ಕೆಲಸ ಅವರದು. ಸಿಕ್ಕವರನ್ನೆಲ್ಲ ನಿಲ್ಲಿಸಿಕೊಂಡು ಹುಲ್ಲಿನ ಬೇರು, ನೀರು, ಬಿಸಿಲು ಎಂದು ಪಾಠ ಹೇಳುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಅದರಲ್ಲೂ ಒಂಬತ್ತನೆಯ ಗ್ರೀನೆಂದರೆ ಅವರಿಗೆ ಪ್ರಾಣ. ಗ್ರೀನೆಂದರೆ ಗಾಲ್ಫಿನ ಪುಟ್ಟ ಕುಳಿಯ ಸುತ್ತ ಬೆಳೆಸುವ ಬಹಳ ನುಣುಪಾದ ಹುಲ್ಲಿನ ಅಂಗಳ. ಉಳಿದ ಎಂಟೂ ಚೆನ್ನಾಗಿಯೇ ಇದ್ದವು. ಆದರೆ ಒಂಬತ್ತನೆಯದರ ಮೇಲೆ ಬೆಳಗಿನ ಇಬ್ಬನಿ ಕೂತಿದ್ದಾಗ ಕಂಡವರು ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. ಮೇಷ್ಟ್ರು ಅದರ ಮೇಲೆ ಬರಿಗಾಲಲ್ಲೇ ನಡೆಯುತ್ತಿದ್ದರು. ಕಟ್ಟಿಕೊಂಡ ಹೆಂಡತಿಗೂ ಅದನ್ನು ಅಂಚಿನಲ್ಲಿ ನಿಲ್ಲಿಸಿ ತೋರಿಸಿದ್ದರೇ ಹೊರತು ಮೇಲೆ ಕಾಲಿಡಲು ಬಿಟ್ಟಿರಲಿಲ್ಲ.

ಅಂದೂ ಅವರು ಒಂಬತ್ತನೆಯ ಗ್ರೀನಿಗೆ ನೀರು ಬಿಟ್ಟು ಬರುವ ಹೊತ್ತಿಗೆ ಕ್ಲಬ್ಬಿನ ಕಾರ್ಯದರ್ಶಿ ಬಂದು ಬಾಗಿಲಲ್ಲಿ ನಿಂತಿದ್ದರು. ಒಳ್ಳೆಯ ಹೆಂಗಸು. ಕೆಟ್ಟ ಸುದ್ದಿ ಹೇಳುವಾಗ ಯಾವಾಗಲೂ ಬಿಸ್ಕತ್ತಿನ ಪೊಟ್ಟಣ ತರುತ್ತಿದ್ದರು. ಅಂದು ಎರಡು ತಂದಿದ್ದರು.

"ಹತ್ತು ಗಂಟೆಗೆ ನಲವತ್ತು ಜನ ಬರ್ತಾರೆ ಮೇಷ್ಟ್ರೇ. ಫುಟ್‌ಗಾಲ್ಫ್ ಆಡೋಕೆ."

"ಏನು ಆಡೋಕೆ?"

"ಗಾಲ್ಫೇ ಅಂತ ಇಟ್ಕೊಳ್ಳಿ. ಕೋಲಿನ ಬದಲು ಕಾಲು. ಕಡಿಮೆ ಒದೆತದಲ್ಲಿ ಚೆಂಡನ್ನ ಕುಳಿಗೆ ಬೀಳಿಸಿದವರು ಗೆದ್ದ ಹಾಗೆ."

"ನನ್ನ ಹುಲ್ಲಿನ ಮೇಲೆ ಒದೀತಾರಾ?"

"ಚೆಂಡನ್ನ ಒದೀತಾರೆ ಮೇಷ್ಟ್ರೇ, ಹುಲ್ಲನ್ನಲ್ಲ. ಮುಳ್ಳಿನ ಬೂಟು ಹಾಕಂಗಿಲ್ಲ. ಇವರ ಕುಳಿ ಬೇರೆ, ಬಾವುಟ ಬೇರೆ, ಗ್ರೀನಿನ ಹತ್ತಿರಕ್ಕೂ ಬರಲ್ಲ. ಮುಂದೆ ಗಾಲ್ಫಿನವರು ಇದ್ರೆ ನಿಂತು ಕಾಯ್ತಾರೆ. ಒಂದೇ ಮನೇಲಿ ಅಣ್ಣ ತಮ್ಮ ಇರಲ್ವಾ, ಹಾಗೆ."

ಮೇಷ್ಟ್ರಿಗೆ ತಮ್ಮ ತಮ್ಮನ ನೆನಪಾಗಿ ಇನ್ನಷ್ಟು ಸಿಟ್ಟು ಬಂತು.

"ಇವತ್ತು ನೋಡೋಣ ಅಷ್ಟೆ," ಎಂದರು ಕಾರ್ಯದರ್ಶಿ. "ಬಂದವರಿಗೆ ಇಷ್ಟ ಆದ್ರೆ ಪ್ರತಿ ಭಾನುವಾರ ಇಟ್ಕೊಳ್ಳೋಣ. ಬೇಜಾರಾಗಿ ಹೋದ್ರೆ ಇನ್ನು ಯಾವತ್ತೂ ಈ ಮಾತೆತ್ತಲ್ಲ. ನೀವು ಐದು ಕುಳಿ ತೋಡಿಕೊಟ್ರೆ ಸಾಕು. ಜಾಗ ನಿಮಗೆ ಬಿಟ್ಟಿದ್ದು. ಸ್ವಲ್ಪ ಸುಲಭವಾಗಿರಲಿ, ಪಾಪ, ಹೊಸಬರು."

ಮೇಷ್ಟ್ರು ತಲೆ ಆಡಿಸಿದರು. 'ಬೇಜಾರಾಗಿ ಹೋದ್ರೆ' ಎಂಬ ಮಾತು ಮಾತ್ರ ಅವರ ಕಿವಿಯೊಳಗೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿತು.

ಗಾಲ್ಫಿನ ಕುಳಿ ಒಂದು ಲೋಟದ ಬಾಯಿಯಷ್ಟು. ಈ ಹೊಸ ಕುಳಿಯೋ, ಕೋಳಿಯನ್ನು ಬುಟ್ಟಿ ಸಮೇತ ಇಳಿಸಬಹುದಾದಷ್ಟು ಅಗಲ. ಮೇಷ್ಟ್ರು ಸನಿಕೆ ಹೊತ್ತು ಹೊರಟರು. ಅವರ ಜೀವನದಲ್ಲಿ ಅವರು ಮಾಡಿದ ಮೊದಲ ಕಿತಾಪತಿ ಇದು. ಅನುಭವವಿಲ್ಲದ್ದರಿಂದ ಬಹಳ ಶ್ರದ್ಧೆಯಿಂದ ಮಾಡಿದರು.

ಮೊದಲ ಕುಳಿಯನ್ನು ಹಳೆಯ ಮರದ ಬೇರುಗಳ ಸಂದಿಯಲ್ಲಿ ತೋಡಿದರು. ಎರಡನೆಯದನ್ನು ಇಳಿಜಾರಿನ ನೆತ್ತಿಯಲ್ಲಿ. ಅಲ್ಲಿ ಚೆಂಡು ಎಷ್ಟು ಸಲ ಹತ್ತಿದರೂ ಒದ್ದವನ ಕಾಲಿಗೇ ವಾಪಸು ಬರಬೇಕು. ಮೂರನೆಯದನ್ನು ಮರಳುಗುಂಡಿಯ ಹಿಂದೆ. ನಾಲ್ಕನೆಯದನ್ನು ಎರಡು ಪೊದೆಗಳ ನಡುವೆ. ಐದನೆಯದನ್ನು ನೋಡಿ ಅವರಿಗೇ ಸ್ವಲ್ಪ ನಾಚಿಕೆಯಾಯಿತು. ಮುಂದೊಂದು ದಿಬ್ಬ, ಎಡಕ್ಕೆ ಕೊಳ, ದಿಬ್ಬದ ಆಚೆ ಕಣ್ಣಿಗೇ ಕಾಣದ ಕುಳಿ. ಜೋರಾಗಿ ಒದ್ದರೆ ಚೆಂಡು ನೀರಿಗೆ, ಮೆಲ್ಲಗೆ ಒದ್ದರೆ ಮತ್ತೆ ಕಾಲಬುಡಕ್ಕೆ. ಕುಳಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂಬತ್ತನೆಯ ಗ್ರೀನು, ಅದರಾಚೆ ಕ್ಲಬ್ಬಿನ ಕಟ್ಟಡ.

ಐದಕ್ಕೂ ಬಾವುಟ ನೆಟ್ಟು ಬೆವರು ಒರೆಸಿಕೊಳ್ಳುವಾಗ ಮೇಷ್ಟ್ರು ಸಂತೋಷದಲ್ಲಿ ಒಂದು ಸಂಗತಿಯನ್ನು ಮರೆತರು. ಒಂಬತ್ತನೆಯ ಗ್ರೀನಿಗೆ ಬಿಟ್ಟ ನೀರನ್ನು ಅವರು ನಿಲ್ಲಿಸಿರಲಿಲ್ಲ.

ಹತ್ತು ಗಂಟೆಗೆ ಜನ ಬಂದರು. ಬಸ್ ಡ್ರೈವರು, ಬೇಕರಿಯವನು, ಅಂಚೆಯವನು, ಎರಡು ಮೂರು ನರ್ಸುಗಳು, ಮೊಮ್ಮಕ್ಕಳನ್ನು ಕಂಡವರು. ಕೆಲವರು ಈ ಆಟದ ಉಡುಪೆಂದು ಮೊಣಕಾಲುದ್ದ ಕಾಲುಚೀಲ ಹಾಕಿ ಚಪ್ಪಟೆ ಟೋಪಿ ಇಟ್ಟಿದ್ದರು. ಗೇಟಿನಲ್ಲಿ ಹಲ್ಲಿನ ಡಾಕ್ಟರು ತಮ್ಮ ಗಾಲ್ಫ್ ಕೋಲುಗಳ ಚೀಲ ಊರಿಕೊಂಡು ಅವರನ್ನು ಒಬ್ಬೊಬ್ಬರನ್ನಾಗಿ, ಬಾಯಿ ತೆಗೆಸಿ ನೋಡುವವರ ಹಾಗೆ, ನೋಡುತ್ತಿದ್ದರು.

"ಸಂಜೆಯೊಳಗೆ ದೂರು ಬರೆದುಕೊಡ್ತೀನಿ ಮೇಷ್ಟ್ರೇ," ಎಂದರು ಡಾಕ್ಟರು. "ಇಪ್ಪತ್ತೆರಡು ವರ್ಷದಿಂದ ಆಡ್ತಾ ಇದೀನಿ. ಇಂಥ ಸಂತೆ ನೋಡಿರಲಿಲ್ಲ."

"ನೀವೇನೂ ಬರೀಬೇಕಾಗಿಲ್ಲ ಡಾಕ್ಟ್ರೇ. ಅವರೇ ಓಡಿಹೋಗ್ತಾರೆ," ಎಂದು ಮೇಷ್ಟ್ರು ಪಿಸುಗುಟ್ಟಿದರು.

ಮೊದಲ ಕುಳಿಗೆ ಬೇಕರಿಯವನು ಒದ್ದ. ಚೆಂಡು ಒಂದು ಬೇರಿಗೆ ಬಡಿದು ಇನ್ನೊಂದಕ್ಕೆ ಹಾರಿ, ಮರವನ್ನು ಒಂದು ಸುತ್ತು ಹಾಕಿ, ಬಾಗಿಲು ತಟ್ಟಿ ಒಳಗೆ ಹೋಗುವವರ ಹಾಗೆ ಬಾವುಟದ ಕಡ್ಡಿಗೆ ತಗುಲಿ ಕುಳಿಯೊಳಗೆ ಇಳಿಯಿತು. ಬೇಕರಿಯವನು ಕುಳಿಯ ಬಳಿ ಹೋಗಿ ಇಣುಕಿ ನೋಡಿದ. ಚೆಂಡು ಒಳಗೇ ಇತ್ತು. ಅವನು ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಯಾರಪ್ಪ ಈ ಕುಳಿ ತೋಡಿದ್ದು," ಎಂದ. "ಎಂಥ ತಲೆ ಇರಬೇಕು ಅವರದು."

ಮೇಷ್ಟ್ರು ಮರದ ಹಿಂದಕ್ಕೆ ಸರಿದರು.

ಎರಡನೆಯ ಕುಳಿಯಲ್ಲಿ ಚೆಂಡುಗಳು ಇಳಿಜಾರು ಹತ್ತಿ ವಾಪಸು ಬಂದವು. ಆರು ಸಲ ಒದ್ದ ಅಂಚೆಯವನಿಗೆ ಸಿಟ್ಟು ಬರಬೇಕಿತ್ತು. ಅವನು ಹುಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಇದು ನನ್ನ ಚೆಂಡಲ್ಲ, ವಿಳಾಸ ತಪ್ಪಿದ ಕಾಗದ," ಎಂದ. ಹಿಂದೆ ಬಂದ ಗಾಲ್ಫಿನವರಿಗೆ ಇವರೆಲ್ಲ ಎದ್ದು ದಾರಿ ಬಿಟ್ಟರು. ಅವರು ಚೆಂಡು ಹೊಡೆಯುವಾಗ ನಲವತ್ತು ಜನರೂ ಉಸಿರು ಬಿಗಿಹಿಡಿದು ನಿಂತರು. ಬೂಟಿಗೆ ಕಿತ್ತು ಬಂದ ಒಂದು ಹುಲ್ಲಿನ ಚಕ್ಕೆಯನ್ನು ನರ್ಸೊಬ್ಬಳು ಮತ್ತೆ ಅದರ ಜಾಗದಲ್ಲೇ ಇಟ್ಟು, ಗಾಯಕ್ಕೆ ಪಟ್ಟಿ ಹಾಕುವವಳ ಹಾಗೆ ಅಂಗೈಯಿಂದ ಮೆಲ್ಲಗೆ ಒತ್ತಿದಳು. ಮೇಷ್ಟ್ರು ಅದನ್ನು ನೋಡಿದರು. ನೋಡಲಿಲ್ಲವೆಂದು ತಮಗೆ ತಾವೇ ಹೇಳಿಕೊಂಡರು.

ಮೂರನೆಯ ಕುಳಿಯ ಬಳಿ ಅನಾಹುತವಾಯಿತು. ಹಲ್ಲಿನ ಡಾಕ್ಟರು ದೂರದಿಂದ ತಮ್ಮ ಗ್ರೀನಿನತ್ತ ಹೊಡೆದ ಗಾಲ್ಫ್ ಚೆಂಡು ಗಾಳಿಗೆ ಬಾಗಿ, ಮರಳುಗುಂಡಿ ದಾಟಿ, ಎರಡು ಸಲ ಪುಟಿದು, ಸೀದಾ ಫುಟ್‌ಬಾಲಿನ ಕುಳಿಗೆ ಬಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಅವರ ಚೆಂಡು ಒಂದೇ ಏಟಿಗೆ ಯಾವ ಕುಳಿಗೂ ಬಿದ್ದಿರಲಿಲ್ಲ. ಇದು ಬಿದ್ದದ್ದು ಬೇರೆಯವರ ಕುಳಿಗೆ.

 ಬಸ್ ಡ್ರೈವರು ಚಪ್ಪಾಳೆ ಹೊಡೆದ. ನಲವತ್ತು ಜನ ಹೊಡೆದರು. ಡ್ರೈವರು ಕುಳಿಯೊಳಗಿಂದ ಆ ಪುಟ್ಟ ಚೆಂಡನ್ನು ಹುಡುಕಿ ತೆಗೆದು, ಅಂಗಿಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಡಾಕ್ಟರಿಗೆ ಕೊಟ್ಟ.

"ಲೆಕ್ಕಕ್ಕೆ ಬರಲ್ಲ ಕಣಯ್ಯ ಅದು," ಎಂದರು ಡಾಕ್ಟರು. ಚೆಂಡನ್ನು ಮಾತ್ರ ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡರು.

"ನಮ್ಮ ಲೆಕ್ಕಕ್ಕೆ ಬರತ್ತೆ ಸಾರ್."

ಡಾಕ್ಟರನ್ನು ಕಂಡು ಜನ ಬಾಯಿ ಮುಚ್ಚಿಕೊಂಡದ್ದುಂಟು, ಚಪ್ಪಾಳೆ ಹೊಡೆದದ್ದಿಲ್ಲ. ಅವರು ಕೋಲುಗಳ ಚೀಲವನ್ನು ಮರಕ್ಕೆ ಒರಗಿಸಿದರು. ಎರಡು ನಿಮಿಷದಲ್ಲಿ ಫುಟ್‌ಬಾಲು ಒದೆಯುತ್ತಿದ್ದರು.

ಏಕೈಕ ಬಂಟನೂ ಆ ಕಡೆ ಸೇರಿದ್ದನ್ನು ನೋಡಲಾರದೆ ಮೇಷ್ಟ್ರು ನಾಲ್ಕನೆಯ ಕುಳಿಯ ಪೊದೆಯೊಳಗೆ ಕುಕ್ಕರಗಾಲಲ್ಲಿ ಕೂತರು. ಆ ಸಂದಿಯಲ್ಲಿ ಯಾರಿಗೂ ಚೆಂಡು ತೂರಿಸಲಾಗದು ಎಂಬ ಧೈರ್ಯ. ಬಸ್ ಡ್ರೈವರು ಒದ್ದ ಚೆಂಡು ಪೊದೆಯನ್ನು ಸೀಳಿ ಬಂದು ಮೇಷ್ಟ್ರ ಬೆನ್ನಿಗೆ ಧೊಪ್ಪನೆ ಬಡಿದು, ಹಿಂದಕ್ಕೆ ಪುಟಿದು ಕುಳಿಗೆ ಬಿತ್ತು. ಡ್ರೈವರು ಓಡಿಬಂದ.

"ಪೆಟ್ಟಾಯ್ತಾ ಯಜಮಾನ್ರೇ? ನಮಗೆ ಸಹಾಯ ಆಗಲಿ ಅಂತ ಇಲ್ಲಿ ಕೂತಿದ್ರಾ?"

"ಕಳೆ ಕೀಳ್ತಾ ಇದ್ದೆ," ಎಂದರು ಮೇಷ್ಟ್ರು.

"ನೋಡ್ರಪ್ಪ," ಎಂದು ಡ್ರೈವರು ಎಲ್ಲರಿಗೂ ಹೇಳಿದ. "ಬೆನ್ನಿಗೆ ಪೆಟ್ಟು ಬಿದ್ರೂ ಕಳೆ ಕೀಳೋದು ಬಿಟ್ಟಿಲ್ಲ."

ಐದನೆಯ ಕುಳಿಯ ಹೊತ್ತಿಗೆ ಮೇಷ್ಟ್ರಿಗೆ ಉಳಿದಿದ್ದುದು ಅದೊಂದೇ ಆಸೆ. ಅದು ಸುಳ್ಳಾಗಲಿಲ್ಲ. ಬೇಕರಿಯವನ ಚೆಂಡು ಕೊಳಕ್ಕೆ ಬಿತ್ತು. ಡಾಕ್ಟರದು ದಿಬ್ಬ ಹತ್ತಿ ವಾಪಸು ಬಂತು. ಡ್ರೈವರದು ಕೊಳ, ನರ್ಸಿನದು ಕೊಳ. ಮೊದಲ ಬಾರಿಗೆ ಜನ ನಗುವುದನ್ನು ನಿಲ್ಲಿಸಿದರು. ಅಂಚೆಯವನು ತನ್ನ ಸರದಿಗೆ ಮುಂಚೆಯೇ ಕಾಲು ಉಳುಕಿತೆಂದು ಕೂತ. ಯಾರೋ ಗಡಿಯಾರ ನೋಡಿಕೊಂಡರು. ಕಾರ್ಯದರ್ಶಿಯ ಮುಖ ಬಾಡಿತು. ಮೇಷ್ಟ್ರ ಎದೆ ಹಗುರಾಗತೊಡಗಿತು.

ಅಷ್ಟರಲ್ಲಿ ಅವರ ಹೆಂಡತಿ ಊಟದ ಡಬ್ಬಿ ಹಿಡಿದು ಬಂದರು. "ಡಬ್ಬಿ ಮರೆತು ಬಂದಿದೀರಲ್ರೀ. ಬೆಳಗ್ಗಿಂದ ಏನೂ ತಿಂದಿಲ್ವಾ?"

"ಅಕ್ಕಾ, ಈ ಅಂಚೆಯವನ ಚೆಂಡು ಉಳಿದಿದೆ. ನೀವೊಂದು ಒದೆ ಕೊಡಿ," ಎಂದ ಡ್ರೈವರು.

"ನನಗೆಲ್ಲಿ ಬರತ್ತಪ್ಪ. ನಾನು ಬಟ್ಟೆ ಹೊಲಿಯೋಳು."

"ಬೇಡ ಬೇಡ, ಅವಳಿಗೆ ಮೊಣಕಾಲು ನೋವು," ಎಂದರು ಮೇಷ್ಟ್ರು ಅವಸರದಲ್ಲಿ.

"ನನಗ್ಯಾವ ಮೊಣಕಾಲು ನೋವು?" ಎಂದು ಹೆಂಡತಿ ಡಬ್ಬಿಯನ್ನು ಗಂಡನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಚೆಂಡಿನ ಹಿಂದೆ ನಿಂತರು.

ಮೂವತ್ತು ವರ್ಷ ಹೊಲಿಗೆ ಮಿಷನ್ನು ತುಳಿದ ಕಾಲು ಅದು. ಎಷ್ಟು ಒತ್ತಿದರೆ ಸೂಜಿ ಎಷ್ಟು ಓಡುತ್ತದೆ, ಕಾಲರಿನ ತಿರುವಿನಲ್ಲಿ ಎಲ್ಲಿ ತಡೆಯಬೇಕು ಎಂಬುದೆಲ್ಲ ಅದಕ್ಕೆ ಗೊತ್ತಿತ್ತು. ಆಕೆ ಒದೆಯಲಿಲ್ಲ. ಚಪ್ಪಲಿಯ ಪಕ್ಕದಿಂದ ಚೆಂಡನ್ನು ತಳ್ಳಿದರು, ಅಷ್ಟೆ.

ಚೆಂಡು ಹೊರಟಿತು. ಅವಸರವಿಲ್ಲದೆ ದಿಬ್ಬ ಹತ್ತಿತು. ನೆತ್ತಿಗೆ ಹೋಗಿ ನಿಂತಿತು. ಈ ಕಡೆ ಬರಲೋ ಆ ಕಡೆ ಹೋಗಲೋ ಎಂದು ಯೋಚಿಸುತ್ತ ನಿಂತ ಹಾಗೆ ನಿಂತಿತು. ಕೊಳದ ನೀರು ಅಲುಗಲಿಲ್ಲ. ಯಾರೂ ಕೆಮ್ಮಲಿಲ್ಲ. ಬಿಸಿಲಿನಲ್ಲಿ ಅದರ ಸುತ್ತಲಿನ ಒಂದೊಂದು ಹುಲ್ಲಿನ ಎಸಳೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಅವನ್ನೆಲ್ಲ ಬೆಳೆಸಿದವರು ಮೇಷ್ಟ್ರೇ. ಆದರೂ ಅಂದೇ ಮೊದಲ ಸಲ ನೋಡಿದಂತೆ ಅವರ ಮೈ ಜುಮ್ಮೆಂದಿತು. ಒಂದು ಚೆಂಡು, ಒಂದು ದಿಬ್ಬ, ತಮ್ಮ ಹೆಂಡತಿಯ ಸವೆದ ಚಪ್ಪಲಿ. ಇಷ್ಟರಲ್ಲಿ ಇಷ್ಟು ದೊಡ್ಡದೇನೋ ಇದ್ದೀತೆಂದು ಅವರಿಗೆ ತಿಳಿದಿರಲಿಲ್ಲ.

"ಬೀಳು," ಎಂದರು ಮೇಷ್ಟ್ರು ಮೆಲ್ಲಗೆ. "ಬೀಳಪ್ಪ, ಬೀಳು."

ತಾವು ಯಾರ ಪರವಾಗಿ ಬೇಡುತ್ತಿದ್ದೇವೆಂದು ಅವರಿಗೆ ಹೊಳೆಯುವ ಮೊದಲೇ ಚೆಂಡು ಒಂದು ಎಸಳಿನಷ್ಟು ಮುಂದಕ್ಕೆ ವಾಲಿತು. ಆಮೇಲೆ ಕಣ್ಮರೆಯಾಯಿತು. ದಿಬ್ಬದ ಆಚೆಯಿಂದ, ಹಂಡೆಯೊಳಗೆ ತೆಂಗಿನಕಾಯಿ ಬಿದ್ದಂತೆ, ಧಡ್ ಎಂಬ ಸದ್ದು ಬಂತು.

ನಲವತ್ತು ಜನ ಕೂಗಿದ ಕೂಗಿಗೆ ಕೊಳದ ಬಾತುಗಳು ಎದ್ದು ಹಾರಿದವು. ಎಲ್ಲರಿಗೂ ಮತ್ತೊಮ್ಮೆ ಒದೆಯಬೇಕಿತ್ತು. ಮುಂದಿನ ಭಾನುವಾರ ಎಷ್ಟು ಗಂಟೆಗೆ ಎಂದು ಎಲ್ಲರಿಗೂ ತಿಳಿಯಬೇಕಿತ್ತು. ಬೇಕರಿಯವನು ಬೆಳಗಿನ ಪ್ರಶ್ನೆಯನ್ನೇ ಮತ್ತೆ ಕೇಳಿದ.

"ಈ ಕುಳಿ ತೋಡಿದ ಪುಣ್ಯಾತ್ಮರು ಯಾರು ಮೇಡಂ?"

ಕಾರ್ಯದರ್ಶಿ ಹೆಮ್ಮೆಯಿಂದ ಮೇಷ್ಟ್ರತ್ತ ಕೈ ತೋರಿಸಿದರು. "ಸುಲಭವಾಗಿರಲಿ ಅಂದಿದ್ದೆ. ನನಗಿಂತ ಅವರಿಗೆ ನಿಮ್ಮ ಮೇಲೆ ನಂಬಿಕೆ ಜಾಸ್ತಿ."

ಮರುಕ್ಷಣ ಮೇಷ್ಟ್ರು ಗಾಳಿಯಲ್ಲಿದ್ದರು. ಡ್ರೈವರು ಒಂದು ಕಡೆ, ಬೇಕರಿಯವನು ಇನ್ನೊಂದು ಕಡೆ ಹೆಗಲು ಕೊಟ್ಟಿದ್ದರು. ಹಲ್ಲಿನ ಡಾಕ್ಟರು ಬಾವುಟ ಕಿತ್ತುಕೊಂಡು ಮುಂದೆ ನಿಂತರು. ಕ್ಲಬ್ಬಿನ ಕಟ್ಟಡಕ್ಕೆ ಹತ್ತಿರದ ದಾರಿ ಯಾವುದೆಂದು ಅವರಿಗೆ ಗೊತ್ತಿತ್ತು. ಆ ದಾರಿ ಒಂಬತ್ತನೆಯ ಗ್ರೀನಿನ ನಟ್ಟನಡುವೆ ಹಾದುಹೋಗುತ್ತಿತ್ತು.

"ಇಳಿಸಿ," ಎಂದರು ಮೇಷ್ಟ್ರು. "ದಯವಿಟ್ಟು ಇಳಿಸಿ."

"ಎಂಥ ಸಂಕೋಚದ ಮನುಷ್ಯ," ಎಂದು ಡ್ರೈವರು ಇನ್ನಷ್ಟು ಮೇಲಕ್ಕೆತ್ತಿದ.

ಮೇಲಿನಿಂದ ಎಲ್ಲ ಬಹಳ ಚೆನ್ನಾಗಿ ಕಾಣುತ್ತಿತ್ತು. ಬೆಳಗಿನಿಂದ ನೀರು ಕುಡಿದು ಮೆತ್ತಗಾಗಿದ್ದ ಒಂಬತ್ತನೆಯ ಗ್ರೀನು, ಅದರ ಮೇಲೆ ಎಂಬತ್ತು ಕಾಲು. ಒಂದೊಂದು ಹೆಜ್ಜೆಗೂ ಪಚಕ್ ಪಚಕ್ ಎಂಬ ಸದ್ದು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ನರ್ಸುಗಳ ಕಣ್ಣಲ್ಲೂ ಬಂತು.

ಸಂಜೆ ಎಲ್ಲರೂ ಹೋದ ಮೇಲೆ ಗಂಡ ಹೆಂಡತಿ ಗ್ರೀನಿನ ಮೇಲೆ ಮೊಣಕಾಲೂರಿ ಹೆಜ್ಜೆಗುರುತುಗಳನ್ನು ಒಂದೊಂದಾಗಿ ಎತ್ತಿ ಸರಿಮಾಡುತ್ತಿದ್ದರು. ಕಾಲಿಡಲು ಆಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮೇಷ್ಟ್ರೂ ತಡೆಯಲಿಲ್ಲ. ಹೊಲಿಗೆ ಬಿಚ್ಚಿ ಮತ್ತೆ ಹಾಕುವವರ ಹಾಗೆ ಆಕೆಯ ಬೆರಳು ಹುಲ್ಲಿನ ಬೇರನ್ನು ನೋಯಿಸದೆ ಕೂಡಿಸುತ್ತಿತ್ತು. ಮೇಷ್ಟ್ರು ಅದನ್ನು ಸ್ವಲ್ಪ ಹೊತ್ತು ನೋಡುತ್ತ ಕೂತರು.

"ಇದೊಂದು ನೋಡು," ಎಂದರು ಆಮೇಲೆ, ಒಂದು ಗುಳಿಯ ಮುಂದೆ ನಿಂತು. "ಎಲ್ಲಕ್ಕಿಂತ ಆಳ ಇದೇ. ಯಾವ ಕತ್ತೆ ಹೀಗೆ ಹಿಮ್ಮಡಿ ಊರಿದ್ದೋ."

ಆಕೆ ಎದ್ದು ಬಂದು ತಮ್ಮ ಚಪ್ಪಲಿಯ ಕಾಲನ್ನು ಅದರೊಳಗಿಟ್ಟರು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

"ಬೇಕರಿಯವನ ಕೈ ಸೋತಿತ್ತು ರೀ. ನೀವು ಬಿದ್ದುಬಿಡ್ತೀರೇನೋ ಅಂತ ನಾನೂ ಹೆಗಲು ಕೊಟ್ಟೆ."

ಅಷ್ಟರಲ್ಲಿ ಕಾರ್ಯದರ್ಶಿ ಕ್ಲಬ್ಬಿನ ಕಡೆಯಿಂದ ಬಂದರು. ಅವರ ಕೈಯಲ್ಲಿ ಮೂರು ಪೊಟ್ಟಣ ಬಿಸ್ಕತ್ತಿತ್ತು.

"ಎಲ್ಲರೂ ಒಂದೇ ಮಾತು ಹೇಳಿ ಹೋದ್ರು ಮೇಷ್ಟ್ರೇ. ಪ್ರತಿ ಭಾನುವಾರ ಆಟ. ಕೊನೇ ಕುಳಿ ಅಲ್ಲೇ ಇರಬೇಕಂತೆ. ಆಟ ಮುಗಿದ ಮೇಲೆ ನಿಮ್ಮನ್ನ ಹೀಗೇ ಹೊತ್ಕೊಂಡು, ಇದೇ ದಾರೀಲಿ, ಪ್ರತಿ ವಾರ."