ಗೋಪಣ್ಣನ ಸ್ಟೇಟಸ್ಸು ಮತ್ತು ಸೂತಕ

ದಿನಕ್ಕೊಮ್ಮೆಯಾದರೂ ಮಗಳ ಫೋಟೊವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಏರಿಸದಿದ್ದರೆ ಸಿಂಧನೂರಿನ ಗೋಪಣ್ಣನಿಗೆ ಉಂಡ ರೊಟ್ಟಿ ಕೆಳಗಿಳಿಯುತ್ತಿರಲಿಲ್ಲ. ಹತ್ತು ವರ್ಷದ ದುರ್ಗಾದೇವಿಯ ಹಲ್ಲು ಬಿದ್ದದ್ದು, ಗಣಿತದಲ್ಲಿ ಎಂಟು ಅಂಕ ಬಂದು ಅತ್ತದ್ದು, ತಲೆಯ ಹೇನು ಹೆಕ್ಕಿಸಿಕೊಂಡದ್ದು, ಎಲ್ಲವೂ ಬಳಗಾನೂರಿನಿಂದ ಗುರುಗುಂಟಾದವರೆಗಿನ ಬಂಧುಬಳಗಕ್ಕೆ ದರ್ಶನವಾಗಿತ್ತು. ಹೇನಿನ ಮರುದಿನ ಶಾಲೆಯಲ್ಲಿ ಅವಳ ಪಕ್ಕಕ್ಕೆ ಯಾರೂ ಕೂರಲಿಲ್ಲ.

"ಅಪ್ಪಾ, ಇನ್ನ ಮ್ಯಾಲ ನನ್ನ ಕೇಳಿ ಹಾಕು!"

"ಏ ಹುಚ್ಚಿ, ಹಡದಾಂವ ನಾ. ನಿನ್ನ ಪರವಾನಗಿ ತಗೋಬೇಕೇನು? ಮುಚ್ಚಿಡಾಕ ನಮ್ಮನ್ಯಾಗ ಏನೈತಿ?"

(ನಿಜವಾಗಿ ಹಡೆದಾಕೆ ಆದಮ್ಮ ಒಳಗೆ ರೊಟ್ಟಿ ಬಡಿಯುತ್ತ ಜೋರಾಗಿ ಕೆಮ್ಮಿದಳು.)

ಮುಚ್ಚಿಡುವಂಥದ್ದು ಬಂದದ್ದು ಸೋಮವಾರ. ಲಿಂಗಸುಗೂರಿನ ತಂಗಿ ಕಸ್ತೂರೆಮ್ಮನ ಮಗನಿಗೆ ಅಂದು ಜವಳ. ಸೋದರಮಾವನ ತೊಡೆಯ ಮೇಲೆ ಕೂಡದೆ ಕೂಸಿನ ಮೊದಲ ಕೂದಲಿಗೆ ಕತ್ತಿ ತಾಗುವಂತಿಲ್ಲ. ಆದರೆ ಅಲ್ಲಿಗೆ ಹೋದರೆ ತಂಗಿಯ ಗಂಡ ತನ್ನ ಹೊಸ ಟ್ರ್ಯಾಕ್ಟರಿನ ಮಹಾಪುರಾಣವನ್ನು ಮೊದಲ ಗೇರಿನಿಂದ ಶುರುಹಚ್ಚುತ್ತಾನೆ. ಗೋಪಣ್ಣ ಮುಂಜಾನೆಯೇ ಫೋನು ಮಾಡಿ ಗದ್ಗದಿತನಾದ.

"ತಂಗೀ, ಜವಳಗೇರಾದ ನರಸಣ್ಣ ಕಾಕಾ ಹೋಗಿಬಿಟ್ಟ. ನನಗ ಸೂತಕ."

ಸೂತಕದವನನ್ನು ಶುಭಕಾರ್ಯಕ್ಕೆ ಬಾ ಎನ್ನುವವರು ಯಾರು? ಗೆದ್ದ ಖುಷಿಗೆ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮಸ್ಕಿಗೆ ಮಿರ್ಚಿ ತಿನ್ನಲು ಬಂದ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಖಾರ ಹತ್ತಿ ಮೂಗು ಸೋರಿಸುತ್ತಿದ್ದ ಅವಳ ಫೋಟೊ ಹೊಡೆದ.

"ಅಪ್ಪಾ, ತಡಿ, ನೋಡಿಯಾದ್ರೂ ಹಾಕು!"

"ಸುಮ್ನಿರಬೇ."

ಏರಿಸಿದ. ಎಷ್ಟು ಮಂದಿ ನೋಡಿದರೆಂದು ಫೋನಿನೊಳಗೇ ತಲೆ ಹುಗಿದು ಕೂತ.

ಎರಡನೆಯ ಪ್ಲೇಟು ಬರುವುದರೊಳಗೆ ಲಿಂಗಸುಗೂರಿನ ಬಸ್ಸಿನಿಂದ ಕಸ್ತೂರೆಮ್ಮ ಇಳಿದಳು. ಕೈಯಲ್ಲಿ ಮಾರುದ್ದದ ಹೂವಿನ ಹಾರ. ಜವಳ ನಿಲ್ಲಿಸಿ ಕಾಕಾನ ಮಣ್ಣಿಗೆ ಹೊರಟಿದ್ದವಳು, ದಾರಿಯಲ್ಲಿ ದುಃಖ ಮರೆಯಲು ಅಣ್ಣನ ಮಗಳ ಮುಖವನ್ನಾದರೂ ನೋಡೋಣವೆಂದು ಸ್ಟೇಟಸ್ಸು ತೆಗೆದು, ಮಸ್ಕಿಯ ಹೋಟೆಲಿನ ಗುರುತು ಹಿಡಿದು ಇಲ್ಲೇ ಇಳಿದಿದ್ದಳು.

"ಅಣ್ಣಾ, ಫೋಟೋದಾಗ ನಿನ್ನ ಮಗಳ ಹಿಂದ ಮಿರ್ಚಿ ತಿನ್ನಾಕತ್ತಾಂವ ಯಾರು?"

ಗೋಪಣ್ಣ ಕತ್ತೆತ್ತಿದ. ಹಿಂದಿನ ಬೆಂಚಿನಲ್ಲಿ ನರಸಣ್ಣ ಕಾಕಾ ಮೂರನೆಯ ಮಿರ್ಚಿಯ ತೊಟ್ಟು ಹಿಡಿದು ಕೂತಿದ್ದ.

"ಯಾಕವಾ ಕಸ್ತೂರಿ, ಹಾರ ಹಿಡ್ಕೊಂಡು ಬಂದಿ? ಯಾರು ಹೋದ್ರು?"

"ನೀನ ಕಾಕಾ. ಮುಂಜಾನೆ ಎಂಟಕ್ಕ. ಅಣ್ಣ ಹೇಳ್ಯಾನ."

ಕಾಕಾ ಬಾಯಲ್ಲಿದ್ದದ್ದನ್ನು ಸಾವಕಾಶ ನುಂಗಿ, ಎದ್ದು, ಹಾರವನ್ನು ತೆಗೆದು ಗೋಪಣ್ಣನ ಕೊರಳಿಗೇ ಹಾಕಿದ. "ನಡಿ ಲೇ ಜವಳಕ್ಕ. ನಾನೂ ಅಲ್ಲಿಗೇ ಹೊಂಟೀನಿ. ಅಳಿಯನ ಟ್ರ್ಯಾಕ್ಟರಿನ ಕಥಿ ಪೂರಾ ಕೇಳೂಣು."

ಅಷ್ಟರಲ್ಲಿ ಟಕ್ಕೆಂದಿತು. ಅಪ್ಪನ ಫೋನು ಈಗ ಮಗಳ ಕೈಯಲ್ಲಿತ್ತು.

"ಏ ದುರ್ಗೀ! ನಿನ್ನ ಕೈ ಮುಗಿತೀನಿ, ಅದನ್ನ ಹಾಕಬ್ಯಾಡವಾ!"

"ಯಾಕಪ್ಪಾ? ಮುಚ್ಚಿಡಾಕ ನಮ್ಮನ್ಯಾಗ ಏನೈತಿ?"